ಬೆಟಗೇರಿಯ ಕ್ರೈಸ್ತ ದೇವಾಲಯದ ಗಾನವೂ ನಮ್ಮ ಸಾಹಿತ್ಯಾಭಿಮಾನವೂ

ಕಳೆದ ಮಾಘಮಾಸದಲ್ಲಿ ನಮ್ಮ ಭಾಗದ ಕೆಲವು ಸಾಹಿತ್ಯಾಭಿಮಾನಿಗಳು ಕೂಡಿ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಗಾನಚರಿತ್ರವನ್ನು ಬರೆಯಿಸುವ ಸಂಕಲ್ಪ ಮಾಡಿದರು. ಸಂಕಲ್ಪವು ಸ್ತುತ್ಯವಾದದ್ದೇ. ಗ್ರಂಥದಲ್ಲಿ ಬರತಕ್ಕ ಪ್ರಕರಣಗಳ ಯಾದಿಯೊಂದನ್ನು ಸಿದ್ಧಪಡಿಸಿ ಅಭಿಪ್ರಾಯಕ್ಕಾಗಿ ನನ್ನ ಕಡೆಗೂ ಕಳುಹಿಸಿದ್ದರು. ಅದರಲ್ಲಿ ವೀರನಾರಾಯಣನ ಸನ್ನಿಧಿಯ ಭಾರತವಾಚನವಿತ್ತು, ತ್ರಿಕೂಟೇಶ್ವರವಿತ್ತು, ವೀರೇಶ್ವರ ಪುಣ್ಯಾಶ್ರಮವಿತ್ತು, ನಾಟಕ ಮಂಡಳಿಗಳಿದ್ದವು, ಭೀಮಸೇನ ಜೋಶಿಯವರ ಹೆಸರಂತೂ ಇರಲೇಬೇಕು, ಇತ್ತು. ನಾನು ಯಾದಿಯ ಕೊನೆಗೆ ನನ್ನ ಕೈಯಿಂದ ಒಂದು ಸಾಲನ್ನು ಸೇರಿಸಿದೆನು: ‘ಬೆಟಗೇರಿಯ ಬಾಸೆಲ್ ಮಿಶನ್ ಚರ್ಚಿನ ಹಾಡುಗಾರಿಕೆ’ ಎಂದು. ಹದಿನೈದು ದಿವಸಗಳ ತರುವಾಯ ಯಾದಿಯು ಮರಳಿ ಬಂದಿತು. ನನ್ನ ಸಾಲಿನ ಮೇಲೆ ಕೆಂಪು ಪೆನ್ಸಿಲಿನ ಗೆರೆ ಎಳೆದಿತ್ತು. ಅಂಚಿನಲ್ಲಿ ಎರಡೇ ಪದಗಳು: ‘ಇದು ನಮ್ಮದಲ್ಲ.’

ಪ್ರಸ್ತುತ ಲೇಖಕನು ಕ್ರೈಸ್ತನಲ್ಲ. ಲಕ್ಷ್ಮೇಶ್ವರದ ಕಡೆಯ ಸಂಸ್ಕೃತ ಪಾಠಶಾಲೆಯೊಂದರಲ್ಲಿ ಅಮರಕೋಶ, ಲಘುಕೌಮುದಿಗಳನ್ನು ಬಾಯಿಪಾಠ ಮಾಡಿ, ಮುಂದೆ ಮೂವತ್ತು ವರ್ಷಗಳಿಗೂ ಮೇಲೆ ಕನ್ನಡ-ಸಂಸ್ಕೃತಗಳನ್ನು ಕಲಿಸಿ ನಿವೃತ್ತನಾದವನು. ಆದುದರಿಂದ ಈ ಲೇಖನದಲ್ಲಿ ಮತಪ್ರಚಾರದ ವಾಸನೆಯನ್ನು ಹುಡುಕುವವರಿಗೆ ನಿರಾಶೆಯಾದೀತು. ನನ್ನ ಜಗಳವು ಆ ಎರಡು ಪದಗಳ ಸಂಗಡ.

ನಾನು ಅಧ್ಯಾಪಕನಾಗಿ ಗದಗಿಗೆ ಬಂದ ಹೊಸತರಲ್ಲಿ ನನ್ನ ಶಾಲೆಯಲ್ಲಿಯೇ ಇದ್ದ ಕ್ರೈಸ್ತ ಮಾಸ್ತರರೊಬ್ಬರು ಕ್ರಿಸ್ತಜಯಂತಿಯ ಹಿಂದಿನ ರಾತ್ರಿ ನನ್ನನ್ನು ತಮ್ಮ ದೇವಾಲಯಕ್ಕೆ ಕರೆದುಕೊಂಡು ಹೋದರು. ಹೊರಗೆ ಬೆಟಗೇರಿಯ ಮಗ್ಗಗಳ ಸದ್ದು ನಿಂತಿತ್ತು. ಒಳಗೆ ಕಾಲಿನಿಂದ ತುಳಿಯುವ ಪೇಟಿಯೊಂದು ಶ್ರುತಿ ಹಿಡಿಯಿತು. ಹೆಣ್ಣುಮಕ್ಕಳದು ಮೇಲಿನ ಎರಡು ಧಾರೆ, ಗಂಡಸರದು ಕೆಳಗಿನ ಎರಡು ಧಾರೆ, ಹೀಗೆ ನಾಲ್ಕು ಬೇರೆ ಬೇರೆ ಸ್ವರಪಂಕ್ತಿಗಳು ಏಕಕಾಲದಲ್ಲಿ ಎದ್ದು ಒಂದರೊಡನೊಂದು ಕೂಡಿ ನಿಂತವು. ನಮ್ಮ ಸಂಗೀತದಲ್ಲಿ ಇಂಥದಿಲ್ಲ. ನಮ್ಮದು ಒಂದೇ ಎಳೆಯನ್ನು ಸಾವಿರ ಬಗೆಯಾಗಿ ಬಾಗಿಸುವ ವಿದ್ಯೆ. ಅವರದು ಹಲವು ಎಳೆಗಳನ್ನು ಹಾಸುಹೊಕ್ಕಾಗಿ ನೇಯುವ ವಿದ್ಯೆ. ನೇಕಾರರ ಊರಿನಲ್ಲಿ ಆ ಎರಡನೆಯದು ನೆಲೆಸಿದ್ದು ಯೋಗ್ಯವೇ ಎಂದು ಅಂದು ನನಗೆ ಅನ್ನಿಸಿತು. ಆದರೆ ನಾನು ವಿಶೇಷವಾಗಿ ಗಮನಿಸಿದ್ದು ಬೇರೊಂದು. ಮುಂದಿನ ಸಾಲಿನಲ್ಲಿದ್ದ ಕೆಲವರು ವೃದ್ಧೆಯರು, ಅಚ್ಚ ಧಾರವಾಡ ಸೀಮೆಯ ಇಳಕಲ್ಲ ಸೀರೆಯವರು, ಆ ಜರ್ಮನ್ ಧಾಟಿಯ ನೇರವಾದ ಸ್ವರಗಳ ನಡುವೆ ಜಾರುತ್ತ, ತೂಗುತ್ತ, ನಮ್ಮ ಬೀಸುವ ಕಲ್ಲಿನ ಹಾಡಿನ ಹಾಗೆ ಹಾಡುತ್ತಿದ್ದರು. ಪೇಟಿಯು ಒಂದು ದಾರಿ ಹಿಡಿದರೆ ಅವರು ಆ ದಾರಿಯ ಪಕ್ಕದ ಕಾಲುದಾರಿ ಹಿಡಿದು ಕೊನೆಗೆ ಸರಿಯಾಗಿ ಅಲ್ಲಿಯೇ ಬಂದು ಮುಟ್ಟುತ್ತಿದ್ದರು. ಇದು ‘ನಮ್ಮದಲ್ಲ’ವೆ?

ಚರಿತ್ರವನ್ನು ಸಂಕ್ಷೇಪವಾಗಿ ನೋಡೋಣ. ಸ್ವಿಟ್ಸರ್ಲಂಡದ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಸ್ಥಾಪಿತವಾದ ಮಿಶನ್ನಿನ ಮೊದಲ ಮೂವರು 1834ರಲ್ಲಿ ನಮ್ಮ ಪಶ್ಚಿಮ ತೀರಕ್ಕೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ನಮ್ಮ ಬೆಟಗೇರಿ. ಅದೇ ವರ್ಷ ಗದಗಿನ ಮಗ್ಗುಲಿನ ಮಲ್ಲಸಮುದ್ರದಲ್ಲಿ ಬೇಸಾಯದ ವಸತಿಯೊಂದನ್ನೂ ಮಾಡಿದರು. 1914ರಲ್ಲಿ ಯುರೋಪದ ಮಹಾಯುದ್ಧವು ತೊಡಗಿದ ಮೇಲೆ ಜರ್ಮನ್ ಮಿಶನರಿಗಳು ಬಂಧನದಲ್ಲಿ ಬಿದ್ದರು, ದೇಶ ಬಿಟ್ಟರು. ಅವರು ಹೋದ ಮೇಲೆಯೂ ಹಾಡು ನಿಲ್ಲಲಿಲ್ಲ. ಪರದೇಶದ ಪಾದ್ರಿಗಳು ತಂದದ್ದೆಂಬುದೇ ಆಕ್ಷೇಪವಾಗಿದ್ದರೆ, ಅವರಿಲ್ಲದೆ ಒಂದು ಶತಮಾನದಿಂದ ಹಾಡುತ್ತ ಬಂದವರು ಯಾರು? ಇಲ್ಲಿಯ ನೇಕಾರರು, ರೈತರು, ಮಾಸ್ತರರು, ದಾದಿಯರು. ಅವರ ಮನೆಮಾತು ಕನ್ನಡ. ಹಾಡಿನ ಮಾತೂ ಕನ್ನಡವೇ.

ಒಬ್ಬ ಮಿತ್ರರು ಹೇಳಿದರು: ‘ಶಾಸ್ತ್ರಿಗಳೆ, ದೊಡ್ಡ ದೊಡ್ಡ ಊರುಗಳಲ್ಲಿ ಕ್ಯಾಥೀಡ್ರಲ್ಲುಗಳುಂಟು, ಅವುಗಳ ಸಂಗೀತಕ್ಕೆ ಇತಿಹಾಸವುಂಟು. ಬೆಟಗೇರಿಯದೇನು, ಸಣ್ಣ ಚರ್ಚು!’ ಕ್ಯಾಥೀಡ್ರಲ್ ಎಂಬ ಶಬ್ದದ ಅರ್ಥವನ್ನು ಅವರು ಗಾತ್ರದಿಂದ ತಿಳಿದಂತೆ ಕಾಣುತ್ತದೆ. ಗ್ರೀಕ್ ಭಾಷೆಯ ‘ಕಥೆದ್ರ’ ಎಂದರೆ ಪೀಠ. ಬಿಷಪ್ಪರ ಪೀಠವಿರುವ ದೇವಾಲಯವು ಕ್ಯಾಥೀಡ್ರಲ್, ಅಷ್ಟೆ. ಬೆಂಗಳೂರಿನ ಸಂತ ಮಾರ್ಕರ ದೇವಾಲಯವು 1812ರಲ್ಲಿ ಪೂರ್ತಿಯಾದಾಗ ಅದು ದಂಡಿನ ಸಿಪಾಯಿಗಳ ಸಾಧಾರಣ ಚರ್ಚಾಗಿತ್ತು. ಮೈಸೂರಿನ ಸಂತ ಫಿಲೋಮಿನಾ ಮಹಾದೇವಾಲಯಕ್ಕೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟರು. ಅದರ ಜೋಡುಗೋಪುರಗಳ ವೈಭವವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಗಾನವು ಪೀಠವನ್ನು ಕೇಳಿ ಹುಟ್ಟುವದಿಲ್ಲ. ಜರ್ಮನಿಯ ಲೈಪ್ಜಿಗ್ ಪಟ್ಟಣದ ಸಂತ ಥಾಮಸರ ಚರ್ಚು ಆ ಕಾಲಕ್ಕೆ ಯಾವ ಬಿಷಪ್ಪರ ಪೀಠವೂ ಆಗಿರಲಿಲ್ಲ. ಅಲ್ಲಿಯೇ 1723ರಿಂದ 1750ರ ವರೆಗೆ ಬಾಖನು ಗಾಯಕಾಚಾರ್ಯನಾಗಿ ದುಡಿದನು. (ಆ ಮಹಾನುಭಾವನು ಚರ್ಚಿಗೆ ಹೊಂದಿದ ಶಾಲೆಯಲ್ಲಿ ಹುಡುಗರಿಗೆ ಲ್ಯಾಟಿನ್ ಕಲಿಸುವ ಹೊಣೆಯನ್ನೂ ಹೊರಬೇಕಾಗಿತ್ತು, ಕೈಯಿಂದ ಹಣ ಕೊಟ್ಟು ಆ ಪಾಠವನ್ನು ಇನ್ನೊಬ್ಬರಿಗೆ ಒಪ್ಪಿಸಿದನು. ವೃತ್ತಿಬಂಧುವಾದ ನನಗೆ ಅವನ ಸಂಕಟವು ಚೆನ್ನಾಗಿ ತಿಳಿಯುತ್ತದೆ.)

ಇನ್ನು ಮುಖ್ಯವಾದ ಪೂರ್ವಪಕ್ಷಕ್ಕೆ ಬರೋಣ: ‘ಅದು ವಿದೇಶೀ ಸಂಗೀತ.’ ಈ ಮಾತನ್ನಾಡಿದ ಮಹನೀಯರ ಮನೆಯಲ್ಲಿ ಪ್ರತಿ ಗುರುವಾರ ಭಜನೆಯಾಗುತ್ತದೆ. ಭಜನೆಗೆ ಪೇಟಿ ಬೇಕೇ ಬೇಕು. ಆ ಪೇಟಿ ಎಲ್ಲಿಯದು? ಹಾರ್ಮೋನಿಯಮ್ಮು 1840ರ ದಶಕದಲ್ಲಿ ಪ್ಯಾರಿಸ್ಸಿನ ದೆಬೆನ್ ಎಂಬವನು ರೂಪಿಸಿದ ವಾದ್ಯ. ಮಿಶನರಿಗಳ ಸಂಗಡ, ಬಿಳಿಯರ ಬಂಗಲೆಗಳ ಸಂಗಡ ಈ ದೇಶಕ್ಕೆ ಬಂದಿತು. ಕಲಕತ್ತೆಯ ದ್ವಾರಕಾನಾಥ ಘೋಷರು ನೆಲದ ಮೇಲೆ ಕುಳಿತು ಕೈಯಿಂದ ಗಾಳಿಯೂದಿ ನುಡಿಸುವ ಹಾಗೆ ಅದನ್ನು ಮಾರ್ಪಡಿಸಿದರು. 1940ರಲ್ಲಿ ರೇಡಿಯೋದವರು ಇದು ಪರಕೀಯ ವಾದ್ಯ, ನಮ್ಮ ಶ್ರುತಿಗಳಿಗೆ ಒಗ್ಗದೆಂದು ತಮ್ಮ ಕೇಂದ್ರಗಳಿಂದ ಹೊರಗೆ ಹಾಕಿದರು. ಮರಳಿ ಒಳಗೆ ಬರಲು ಅದಕ್ಕೆ ಮೂರು ದಶಕಗಳು ಹಿಡಿದವು. ಆ ಅವಧಿಯಲ್ಲಿ ನಮ್ಮ ಗದಗಿನಲ್ಲಿ ಏನು ನಡೆದಿತ್ತು? ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳು ಅದೇ ಪೇಟಿಯ ಮೇಲೆ ಬೆರಳಾಡಿಸಿ ನೂರಾರು ಮಕ್ಕಳಿಗೆ ರಾಗ ಕಲಿಸುತ್ತಿದ್ದರು. ಪಿಟೀಲಿನ ಕಥೆಯೂ ಇದೇ. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಐರೋಪ್ಯ ವಾದಕರಿಂದ ಕಲಿತು ಅದನ್ನು ನಮ್ಮ ಗಾನಕ್ಕೆ ಅಳವಡಿಸಿದರು. ಚರ್ಚಿನಿಂದ ಪೇಟಿಯನ್ನು ತರಬಹುದು, ಪಿಟೀಲನ್ನು ಸ್ವೀಕರಿಸಬಹುದು. ಆದರೆ ಅದೇ ಚರ್ಚಿನಲ್ಲಿ ಕನ್ನಡಿಗರು ಕನ್ನಡದಲ್ಲಿ ಹಾಡಿದ್ದನ್ನು ಮಾತ್ರ ಚರಿತ್ರದಲ್ಲಿ ಬರೆಯಕೂಡದು! ಶಾಸ್ತ್ರದಲ್ಲಿ ಇದಕ್ಕೆ ಅರ್ಧಜರತೀಯ ನ್ಯಾಯವೆಂದು ಹೆಸರು. ಅರ್ಧ ಮುದುಕಿ, ಅರ್ಧ ತರುಣಿ; ಬೇಕಾದ ಭಾಗವನ್ನು ಒಪ್ಪಿ ಬೇಡಾದ ಭಾಗವನ್ನು ಬಿಡುವ ನ್ಯಾಯ.

ಮತ್ತೊಬ್ಬರ ಆಕ್ಷೇಪವು ಇದಕ್ಕಿಂತ ಗಟ್ಟಿಯಾದದ್ದು. ‘ಆ ಹಾಡುಗಳ ಕನ್ನಡ ಕನ್ನಡವೇ ಅಲ್ಲ, ಪಾದ್ರಿಗನ್ನಡ, ಛಂದಸ್ಸು ಕೆಟ್ಟಿದೆ’ ಎಂದು ಅವರ ವಾದ. ಇದರಲ್ಲಿ ಸತ್ಯಾಂಶವಿದೆ, ಮರೆಮಾಚಿ ಪ್ರಯೋಜನವಿಲ್ಲ. ಹಳೆಯ ಗೀತಪುಸ್ತಕವನ್ನು ನಾನು ಪೆನ್ಸಿಲು ಹಿಡಿದು ಓದಿದ್ದೇನೆ. ಅದರ ಮುಕ್ಕಾಲು ಪಾಲು ಕಾವ್ಯವೆನಿಸಲಾರದು. ದೋಷದ ಮೂಲವೂ ಸ್ಪಷ್ಟವಾಗಿದೆ. ಜರ್ಮನ್ ಭಾಷೆಯ ಪದ್ಯವು ಅಕ್ಷರದ ಒತ್ತಿನ ಮೇಲೆ ನಡೆಯುವದು. ನಮ್ಮದು ಅಕ್ಷರದ ಕಾಲದ ಮೇಲೆ, ಗುರು-ಲಘುಗಳ ಮೇಲೆ. ಅಲ್ಲಿಯ ಸಭಾಗೀತದ ಧಾಟಿಗಳಲ್ಲಿ ಬಹುಮಟ್ಟಿಗೆ ಒಂದು ಅಕ್ಷರಕ್ಕೆ ಒಂದು ಸ್ವರ, ಸ್ವರಗಳೆಲ್ಲ ಹೆಚ್ಚುಕಡಿಮೆ ಸಮಾನ ದೀರ್ಘ. ಆ ಅಚ್ಚಿನಲ್ಲಿ ಕನ್ನಡವನ್ನು ಎರೆದರೆ ಏನಾಗುವದು? ‘ಕರುಣೆ’ಯಲ್ಲಿ ಮೂರೂ ಲಘುಗಳು; ಧಾಟಿಗೆ ಕೂಡ್ರಿಸಿದಾಗ ಅದು ‘ಕಾರೂಣೇ’ ಆಗುವದು. ‘ಬಲ’ವನ್ನು ಬೇಡಿದ ಭಕ್ತನು ‘ಬಾಲ’ವನ್ನು ಬೇಡಿದಂತಾಗುವದು. ನನ್ನ ಮಿತ್ರರಾದ ಆ ಕ್ರೈಸ್ತ ಮಾಸ್ತರರೇ ಇದನ್ನು ಹೇಳಿ ನಗುತ್ತಿದ್ದರು.

ಹೌದು, ದೋಷ. ಆದರೆ ಈ ದೋಷವನ್ನು ಮೊದಲು ಕಂಡವರು ನಮ್ಮ ವಿಮರ್ಶಕರಲ್ಲ, ಆ ಮಿಶನ್ನಿನವರೇ. 1853ರಲ್ಲಿ ಈ ದೇಶಕ್ಕೆ ಬಂದ ಫರ್ಡಿನಂಡ್ ಕಿಟ್ಟೆಲ್ಲರ ನಿಘಂಟನ್ನು ಎಲ್ಲರೂ ಬಲ್ಲರು. ಎಪ್ಪತ್ತು ಸಾವಿರದಷ್ಟು ಶಬ್ದಗಳ ಆ ಕೋಶವು 1894ರಲ್ಲಿ ಹೊರಬಿದ್ದಿತು. ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಶೋಧಿಸಿ ಅಚ್ಚು ಹಾಕಿಸಿದವರೂ ಅವರೇ ಎಂಬುದು ಅಷ್ಟು ಜನಕ್ಕೆ ತಿಳಿಯದು. ಅದಕ್ಕೂ ಮೊದಲು, 1862ರಲ್ಲಿ, ಕ್ರಿಸ್ತನ ಚರಿತ್ರವನ್ನು ‘ಕಥಾಮಾಲೆ’ ಎಂಬ ಹೆಸರಿನಿಂದ ದೇಶೀಯ ಛಂದಸ್ಸಿನಲ್ಲಿ ರಚಿಸಿದ್ದರೆಂಬುದನ್ನು ಬಲ್ಲವರು ಇನ್ನೂ ಕಡಿಮೆ. ಪರದೇಶದಿಂದ ಬಂದವನು ತನ್ನ ಧರ್ಮದ ಕಥೆಯನ್ನು ತನ್ನ ಧಾಟಿಯಲ್ಲಿ ಹಾಡಿಸದೆ ಕೇಳುವವರ ಲಯದಲ್ಲಿ ಹಾಡಿಸಬೇಕೆಂದು ಬಗೆದು ಅದಕ್ಕಾಗಿ ನಮ್ಮ ಗುರು-ಲಘುಗಳನ್ನು ಕಲಿತನು. ಅವನ ಪದ್ಯಗಳು ಎಷ್ಟು ರಸವತ್ತಾಗಿವೆ ಎಂಬುದು ಬೇರೆ ಪ್ರಶ್ನೆ. ನನ್ನ ಮಟ್ಟಿಗೆ ಅವನು ಕವಿಗಿಂತ ದೊಡ್ಡ ಶಾಸ್ತ್ರಕಾರನು. ಆದರೆ ದಾರಿ ಸರಿಯಾದದ್ದು.

ಅವರದೇ ಬಳಗದ ಹಿರಿಯರಾದ ಹರ್ಮನ್ ಮೋಗ್ಲಿಂಗರನ್ನು ನೋಡಿರಿ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದವರೆಂದು ನಮ್ಮ ಮಕ್ಕಳು ಪರೀಕ್ಷೆಯಲ್ಲಿ ಬರೆಯುತ್ತಾರೆ. ಅದೇ ಮೋಗ್ಲಿಂಗರು 1850ರಲ್ಲಿ ಹರಿದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ಪುರಂದರದಾಸರ ಪದಗಳು ತಾಳೆಗರಿ, ಬಾಯಿಮಾತುಗಳನ್ನು ದಾಟಿ ಅಚ್ಚಿನ ಪುಸ್ತಕವಾಗಿ ನಿಂತದ್ದು ಒಬ್ಬ ಕ್ರೈಸ್ತ ಪಾದ್ರಿಯ ಶ್ರಮದಿಂದ! ಅವರು ‘ಇದು ನಮ್ಮದಲ್ಲ’ ಎಂದು ಕೆಂಪು ಗೆರೆ ಎಳೆದಿದ್ದರೆ? ವೈಷ್ಣವನಲ್ಲದವನು ದಾಸರ ಪದಗಳನ್ನು ಕೂಡಿಸಿದನು. ನಾವು ಕನ್ನಡಿಗರಾಗಿ ನೆರೆಮನೆಯ ಕನ್ನಡಿಗರ ಹಾಡನ್ನು ಒಂದು ಯಾದಿಯಲ್ಲಿ ಸೇರಿಸಲಾರೆವು.

ದಾಸರ ಪದಗಳೆಲ್ಲ ಪುರಂದರರ ಮಟ್ಟದವಲ್ಲ, ವಚನಗಳೆಲ್ಲ ಅಲ್ಲಮನವಲ್ಲ. ನಮ್ಮ ಮನೆಗಳಲ್ಲಿ ಆರತಿ ಎತ್ತುವಾಗ ಹಾಡುವ ಪದಗಳ ಛಂದಸ್ಸನ್ನು ನಾಗವರ್ಮನು ಕೇಳಿದ್ದರೆ ಏನೆನ್ನುತ್ತಿದ್ದನೋ! ಅವುಗಳನ್ನು ಜನಪದದ ಹೆಸರಿನಿಂದ ಕ್ಷಮಿಸುತ್ತೇವೆ, ಪ್ರೀತಿಸುತ್ತೇವೆ, ಸಂಗ್ರಹಿಸಿ ಡಾಕ್ಟರೇಟು ಪಡೆಯುತ್ತೇವೆ. ಬೆಟಗೇರಿಯ ನೇಕಾರನ ಹಾಡಿಗೆ ಮಾತ್ರ ಗಣಪ್ರಸ್ತಾರದ ಕೋಲು. ಕೋಲು ಬೇಕಾದರೆ ಎಲ್ಲರಿಗೂ ಒಂದೇ ಇರಲಿ.

ಇಷ್ಟು ಹೇಳಿದ ಮೇಲೆ ಮುಖವನ್ನು ಇನ್ನೊಂದು ಕಡೆಗೆ ತಿರುಗಿಸಬೇಕಾಗಿದೆ. ‘ಇದು ನಮ್ಮದಲ್ಲ’ ಎನ್ನುವವರು ದೇವಾಲಯದ ಒಳಗೂ ಇದ್ದಾರೆ. ಕನ್ನಡದ ರಾಗ, ಕನ್ನಡದ ಮಟ್ಟು ಬಂದೊಡನೆ ‘ಇದು ಗುಡಿಯ ಸಂಗೀತ, ನಮ್ಮದಲ್ಲ’ ಎಂದು ಹುಬ್ಬು ಗಂಟಿಕ್ಕುವ ಕ್ರೈಸ್ತ ಹಿರಿಯರನ್ನು ನಾನು ಬಲ್ಲೆನು. ಅವರಿಗೆ ನಾನು ವಿನಯದಿಂದ ಕೇಳುವದು ಇಷ್ಟೆ: ನಿಮ್ಮ ಧಾಟಿಗಳೆಲ್ಲ ದೇವಾಲಯದಲ್ಲಿಯೇ ಹುಟ್ಟಿದವೆ? ಯೇಸುವಿನ ಮುಳ್ಳುಕಿರೀಟದ ವೇದನೆಯನ್ನು ಹಾಡುವ ಜಗತ್ಪ್ರಸಿದ್ಧವಾದ ಆ ಶೋಕಗೀತದ ಧಾಟಿಯು ಮೊದಲಿಗೆ ಹಾನ್ಸ್ ಲೆಯೋ ಹಾಸ್ಲರ್ ಎಂಬ ಸಂಗೀತಗಾರನು 1601ರಲ್ಲಿ ಪ್ರಕಟಿಸಿದ ಒಂದು ಪ್ರೇಮಗೀತದ ಧಾಟಿ, ವಿರಹಿಯೊಬ್ಬನ ಹಾಡು. ಅದನ್ನೇ ಬಾಖನು ತನ್ನ ಮತ್ತಾಯನ ಸುವಾರ್ತೆಯ ಮಹಾಗಾನದಲ್ಲಿ ಮತ್ತೆ ಮತ್ತೆ ಬಳಸಿ ಕೇಳುವವರ ಕಣ್ಣಲ್ಲಿ ನೀರು ತರಿಸಿದನು. ನಮ್ಮ ಭಜನೆಯವರು ನಾಟಕದ ಮಟ್ಟಿಗೆ ದೇವರ ಪದ ಕಟ್ಟುವದಿಲ್ಲವೆ, ಹಾಗೆಯೇ. ಜರ್ಮನಿಯ ಶೃಂಗಾರವು ಪವಿತ್ರವಾಗಬಹುದಾದರೆ ಕರ್ನಾಟಕದ ಭೈರವಿಯು ಮೈಲಿಗೆ ಹೇಗೆ?

ನೆರೆಯವರು ಈ ಪ್ರಶ್ನೆಯನ್ನು ಎಂದೋ ಬಗೆಹರಿಸಿಕೊಂಡಿದ್ದಾರೆ. ತಂಜಾವೂರಿನ ವೇದನಾಯಕ ಶಾಸ್ತ್ರಿಗಳು (1774-1864) ಸರಫೋಜಿ ಮಹಾರಾಜರ ಕಾಲದಲ್ಲಿಯೇ ತಮಿಳಿನಲ್ಲಿ ಕ್ರೈಸ್ತ ಕೀರ್ತನೆಗಳನ್ನು ರಾಗತಾಳಬದ್ಧವಾಗಿ ರಚಿಸಿದರು. ತಮಿಳು ಸಭೆಗಳಲ್ಲಿ ಇಂದಿಗೂ ಅವುಗಳನ್ನು ಹಾಡುತ್ತಾರೆ. ಮಹಾರಾಷ್ಟ್ರದ ನಾರಾಯಣ ವಾಮನ ಟಿಳಕರು (1861-1919) ತುಕಾರಾಮರ ಅಭಂಗದ ಜಾಡಿನಲ್ಲಿಯೇ ಕ್ರಿಸ್ತಭಕ್ತಿಯನ್ನು ಹರಿಯಿಸಿದರು. ಮರಾಠೀ ಸಾಹಿತ್ಯಚರಿತ್ರೆಗಾರರು ಅವರನ್ನು ಹೊರಗೆ ನಿಲ್ಲಿಸಲಿಲ್ಲ. ರೋಮಿನ ಸಭೆಯವರು ಸಹ 1963ರ ತಮ್ಮ ಮಹಾಸಭೆಯ ನಿರ್ಣಯದಿಂದ ಪೂಜಾವಿಧಿಯಲ್ಲಿ ದೇಶಭಾಷೆಗಳಿಗೂ ಆಯಾ ಜನಗಳ ಸಂಗೀತಕ್ಕೂ ಬಾಗಿಲು ತೆರೆದರು.

ನಮ್ಮಲ್ಲಿಯೇ ಉತ್ತಮ ನಿದರ್ಶನವಿದೆ. ಮುಂಡರಗಿಯ ಕಡೆಯಿಂದ ತುಂಗಭದ್ರೆಯನ್ನು ದಾಟಿದರೆ ಹೂವಿನಹಡಗಲಿ. ಅಲ್ಲಿ ನೆಲೆಸಿದ್ದ ರೆವರೆಂಡ್ ಉತ್ತಂಗಿ ಚನ್ನಪ್ಪನವರು (1881-1962) ಇದೇ ಬಾಸೆಲ್ ಮಿಶನ್ನಿನ ಸಭಾಪಾಲಕರು. ಊರೂರು ತಿರುಗಿ, ಓಲೆಗಳನ್ನು ಹುಡುಕಿ, ಮುದುಕರ ಬಾಯಿಂದ ಕೇಳಿ, ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪೀಠದಲ್ಲಿ ಕನ್ನಡಿಗರು ಅವರನ್ನು ಕುಳ್ಳಿರಿಸಿದರು. ಅಂದಿನ ನಮ್ಮ ಹಿರಿಯರಿಗೆ ಪಾದ್ರಿಗನ್ನಡವೆಂಬ ಶಂಕೆ ಬರಲಿಲ್ಲ. ಇಂದು ನಮಗೆ ಬರುತ್ತಿದೆ.

ಈ ನಮ್ಮ ಸೀಮೆಯಾದರೂ ಎಂಥದು? ಲಕ್ಷ್ಮೇಶ್ವರವು ಹಳೆಯ ಪುಲಿಗೆರೆ. ತಿರುಳ್ಗನ್ನಡದ ನಾಡೆಂದು ಕವಿರಾಜಮಾರ್ಗಕಾರನು ಎಣಿಸಿದ ನಾಲ್ಕು ಊರುಗಳಲ್ಲಿ ಒಂದು. ಅಲ್ಲಿ ಸೋಮೇಶ್ವರನೂ ಇದ್ದಾನೆ, ಜೈನರ ಶಂಖಬಸದಿಯೂ ಇದೆ. ಶಿರಹಟ್ಟಿಯ ಫಕೀರೇಶ್ವರ ಮಠದ ಹೆಸರೇ ಅದರ ಕಥೆಯನ್ನು ಹೇಳುವದು. ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಪೀಠವದು. ಗದಗಿನ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು (1892-1944) ಕರ್ನಾಟಕ, ಹಿಂದುಸ್ಥಾನಿ ಎರಡೂ ಪದ್ಧತಿಗಳನ್ನು ಕಲಿತವರಾಗಿ ಯಾವುದನ್ನೂ ಹೊರಗಿನದೆನ್ನದೆ ಕಲಿಸಿದರು. ಅವರ ತರುವಾಯ ಪುಟ್ಟರಾಜ ಗವಾಯಿಗಳು (1914-2010) ಕುರುಡ ಮಗುವಿನ ಕೈ ಹಿಡಿದಾಗ ಅದರ ಜಾತಿಯನ್ನು ಕೇಳಲಿಲ್ಲ, ಸ್ವರವನ್ನು ಕೇಳಿದರು. ಇಂಥ ಊರಿನ ಗಾನಚರಿತ್ರವನ್ನು ಬರೆಯುವವರು ಕೆಂಪು ಪೆನ್ಸಿಲು ಹಿಡಿದು ಹೊರಡುವದೆ?

ಅವಸರಕ್ಕೆ ಕಾರಣವಿದೆ. ನಾನು ಅಂದು ಕೇಳಿದ ನಾಲ್ಕು ಧಾರೆಗಳ ಗಾನವು ಈಗ ತೀರ ವಿರಳವಾಗಿದೆ. ಕಳೆದ ಎರಡು ಕ್ರಿಸ್ತಜಯಂತಿಗಳಲ್ಲಿ ಹೋಗಿ ಕೇಳಿ ಬಂದಿದ್ದೇನೆ. ಕೀಬೋರ್ಡೆಂಬ ವಿದ್ಯುತ್ಪೇಟಿಯೊಂದು ತಾಳವನ್ನೂ ಶ್ರುತಿಯನ್ನೂ ತಾನೇ ನುಡಿಸಿಕೊಳ್ಳುತ್ತದೆ. ಎರಡು ಧ್ವನಿವರ್ಧಕಗಳು ಸಭೆಯ ಕಂಠವನ್ನು ನುಂಗಿಬಿಡುತ್ತವೆ. ತರುಣರು ಮೊಬಾಯಿಲಿನಿಂದ ಕಲಿತ ಇಂಗ್ಲಿಷು, ಹಿಂದಿ ಹಾಡುಗಳನ್ನು ಹಾಡುತ್ತಾರೆ. ಅವರನ್ನು ಮಾತ್ರ ಹಳಿಯಲಾರೆ, ಯಾಕಂದರೆ ನಮ್ಮ ಗುಡಿಗಳ ಸ್ಥಿತಿಯೂ ಇದಕ್ಕಿಂತ ಲೇಸಲ್ಲ. ಕುಮಾರವ್ಯಾಸನು ಕುಳಿತು ಭಾರತವನ್ನು ರಚಿಸಿದನೆಂದು ನಾವು ತೋರಿಸುವ ವೀರನಾರಾಯಣ ಗುಡಿಯ ಕಂಬದ ಹತ್ತಿರ ಒಂದು ಸಂಧಿಯನ್ನು ಗಮಕದಿಂದ ಓದಬಲ್ಲವರು ಇಂದು ಎಷ್ಟು ಜನ? ಭಾಮಿನಿಯ ಮೂರು-ನಾಲ್ಕು ಮಾತ್ರೆಗಳ ನಡೆಯನ್ನು ಹತ್ತನೆಯ ಇಯತ್ತೆಯ ಹುಡುಗನು ಕಾಗದದ ಮೇಲೆ ಗೆರೆ ಹಾಕಿ ತೋರಿಸುತ್ತಾನೆ. ಬಾಯಿಂದ ಹಾಡೆಂದರೆ ತಲೆ ತಗ್ಗಿಸುತ್ತಾನೆ. ಅದು ನನ್ನಂಥ ಮಾಸ್ತರರ ತಪ್ಪು, ಒಪ್ಪುತ್ತೇನೆ. ಆದರೆ ಗಮಕಕ್ಕೆ ಪುಸ್ತಕಗಳಿವೆ, ಪರಿಷತ್ತುಗಳಿವೆ, ಧ್ವನಿಮುದ್ರಿಕೆಗಳಿವೆ. ಬೆಟಗೇರಿಯ ವೃದ್ಧೆಯರು ಆ ಧಾಟಿಗಳನ್ನು ತೂಗಿಸಿ ಹಾಡುತ್ತಿದ್ದ ರೀತಿಗೆ ಅವರ ಕಂಠವೊಂದೇ ಪುಸ್ತಕವಾಗಿತ್ತು. ಅಂದು ಮುಂದಿನ ಸಾಲಿನಲ್ಲಿದ್ದವರು ಒಬ್ಬರೂ ಈಗಿಲ್ಲ. ಅವರ ಸೊಸೆಯಂದಿರು ಇಬ್ಬರು ಮೂವರು ಇದ್ದಾರೆ, ಎಪ್ಪತ್ತನ್ನು ದಾಟಿದವರು. ಅವರಲ್ಲಿ ಒಬ್ಬರ ಮನೆಯ ಪಡಸಾಲೆಯಲ್ಲಿ ಕುಳಿತು ನಾನು ಕೇಳಿಕೊಂಡಾಗ ಆ ತಾಯಿ ಸಂಕೋಚಪಟ್ಟು, ‘ಈಗ ಯಾರ ಕೇಳತಾರ್ರೀ ಗುರುಗಳ, ಇದನ್ನ?’ ಎಂದು, ಕಡೆಗೆ ಎರಡು ನುಡಿ ಹಾಡಿದರು. ಮೂರನೆಯ ನುಡಿ ನೆನಪಾಗಲಿಲ್ಲ.

ಆದುದರಿಂದ ಗಾನಚರಿತ್ರದ ಮಂಡಳಿಯವರಲ್ಲಿ ನನ್ನ ಬೇಡಿಕೆ ಇಷ್ಟೆ. ನನ್ನ ಸಾಲನ್ನು ಮರಳಿ ಸೇರಿಸಿರಿ. ಹೊಗಳಿ ಬರೆಯಬೇಕೆಂದಿಲ್ಲ, ಛಂದೋದೋಷಗಳನ್ನು ಎಣಿಸಿ ಬರೆಯಿರಿ, ನಾನೇ ಎಣಿಸಿ ಕೊಡುತ್ತೇನೆ. ಧ್ವನಿಯನ್ನು ಮುದ್ರಿಸಿಕೊಳ್ಳಲು ಒಬ್ಬ ತರುಣನನ್ನು ಗೊತ್ತು ಮಾಡಿರಿ. ಅವನ ಓಡಾಟದ ವೆಚ್ಚವನ್ನು ನನ್ನ ನಿವೃತ್ತಿವೇತನದಿಂದ ಕೊಡಲು ಸಿದ್ಧನಿದ್ದೇನೆ. ಈ ಪತ್ರಿಕೆಯ ವಾಚಕರಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದ ಹಳೆಯ ಗೀತಪುಸ್ತಕವಿದ್ದರೆ, ಮುಖಪುಟ ಹರಿದಿದ್ದರೂ ಚಿಂತೆಯಿಲ್ಲ, ಪ್ರತಿ ಮಾಡಿಕೊಂಡು ಒಂದು ವಾರದೊಳಗಾಗಿ ಮರಳಿ ಮುಟ್ಟಿಸುವೆನು. ಅಂಚಿನಲ್ಲಿ ಯಾರಾದರೂ ಪೆನ್ಸಿಲಿನಿಂದ ಧಾಟಿಯ ಹೆಸರನ್ನೋ ಸರಿಗಮವನ್ನೋ ಗುರುತು ಹಾಕಿದ್ದರೆ ಅದನ್ನು ದಯಮಾಡಿ ಅಳಿಸಬಾರದು. ಆ ತಾಯಿಗೆ ನೆನಪಾಗದ ಮೂರನೆಯ ನುಡಿಯನ್ನು ನಾನು ಇನ್ನೂ ಹುಡುಕುತ್ತಿದ್ದೇನೆ.